ಎತ್ತದೇ ಬಿಟ್ಟ ಫೋನು, ಕಟ್ಟದೇ ಉಳಿದ ಪ್ರೀಮಿಯಂ

ಈ ವರ್ಷ ನನ್ನ ಮುಂದೆ ಬಂದ ಇಂಥ ನಾಲ್ಕನೇ ಪ್ರಕರಣ ಇದು. ಅದಕ್ಕೇ ಬರೆಯುತ್ತಿದ್ದೇನೆ. ಗುರುತು ಸಿಗಬಾರದು ಅಂತ ಮನೆಯ ವಿವರಗಳನ್ನು ಬದಲಾಯಿಸಿದ್ದೇನೆ. ಆಕೆಯನ್ನು ಸರೋಜ ಅಂತ ಕರೆಯೋಣ.

ಸರೋಜ ಮನೆಯಲ್ಲೇ ಬಟ್ಟೆ ಹೊಲಿಯುತ್ತಾರೆ. ಗಂಡ ಆಟೋ ಓಡಿಸುತ್ತಾರೆ. ಇಬ್ಬರು ಮಕ್ಕಳು. ನಮ್ಮ ಕುಟುಂಬ ಸಲಹಾ ಕೇಂದ್ರಕ್ಕೆ ಬಂದಾಗ ಅವರು ಹೇಳಿದ್ದು ಗಂಡನ ಅನುಮಾನದ ಬಗ್ಗೆ. "ಫೋನ್ ಬಂದ್ರೆ ಕಟ್ ಮಾಡ್ತೀಯ, ಇಲ್ಲಾಂದ್ರೆ ಹಿತ್ತಲಿಗೆ ಹೋಗ್ತೀಯ, ಯಾರದು ಹೇಳು" ಅಂತ ಹದಿನೈದು ದಿನದಿಂದ ಜಗಳ. ನಿದ್ದೆ ಇಲ್ಲ, ಊಟ ಸೇರಲ್ಲ. ಯಾರ ಫೋನು ಅಂತ ಮೊದಲ ಭೇಟಿಯಲ್ಲಿ ನನಗೂ ಹೇಳಲಿಲ್ಲ. ನಾನೂ ಒತ್ತಾಯ ಮಾಡಲಿಲ್ಲ.

ಒಂದು ವಾರ ಬಿಟ್ಟು ಮತ್ತೆ ಬಂದರು. ಫೋನನ್ನು ಮೇಜಿನ ಮೇಲೆ ಬೋರಲು ಹಾಕಿ ಇಟ್ಟಿದ್ದರು. ಮಾತಿನ ಮಧ್ಯೆ ಅದು ಗುಂಯ್ ಅಂತ ಅದುರೋಕೆ ಶುರುವಾಯಿತು. ಆಕೆ ಎತ್ತಲಿಲ್ಲ, ಕಟ್ಟೂ ಮಾಡಲಿಲ್ಲ. ಅಂಗೈಯಿಂದ ಅದನ್ನು ಮೇಜಿಗೆ ಒತ್ತಿ ಹಿಡಿದುಕೊಂಡರು, ಸದ್ದು ಆಚೆ ಬರಬಾರದು ಅನ್ನೋ ಹಾಗೆ. ನಿಂತ ಮೇಲೆ ನಿಧಾನವಾಗಿ ಹೇಳಿದರು: "ಇನ್ಶೂರೆನ್ಸ್‌ನವ್ರು ಮೇಡಂ. ಇವತ್ತೇ ಮನೆ ಮುಂದೆ ಬಂದು ಕೂತ್ಕೊಂಡ್ರೆ ಏನ್ ಮಾಡ್ಲಿ?"

ಆ ಮಾತು ನನ್ನನ್ನು ತಡೆದು ನಿಲ್ಲಿಸಿತು. ಪ್ರೀಮಿಯಂ ಕಟ್ಟದಿದ್ದರೆ ಅದು ಸಾಲ ಅಂತ ಆಕೆ ತಿಳಿದಿದ್ದರು. ಹಿಂದೊಮ್ಮೆ ಸಂಘದ ಸಾಲದ ಕಂತು ತಪ್ಪಿದಾಗ ವಸೂಲಿಯವರು ಜಗಲಿ ಮೇಲೆ ಸಂಜೆವರೆಗೂ ಕೂತಿದ್ದರಂತೆ. ಬೀದಿಯವರೆಲ್ಲ ನೋಡಿದ್ದರು. ಇಂಥ ಕಿರುಕುಳ ತಡೆಯೋಕೆ 2025ರ ಫೆಬ್ರವರಿಯಲ್ಲಿ ಕರ್ನಾಟಕದಲ್ಲಿ ಸುಗ್ರೀವಾಜ್ಞೆಯೇ ಬಂತು. ಅಂಥದ್ದನ್ನು ಅನುಭವಿಸಿದವರಿಗೆ "ದುಡ್ಡು ಕಟ್ಟಿ" ಅನ್ನೋ ಯಾವ ಫೋನಾದರೂ ಒಂದೇ ಥರ ಕೇಳಿಸುತ್ತದೆ.

ಕಥೆ ಬಿಚ್ಚಿಕೊಂಡಿತು. ಗಂಡನಿಗೆ ಸಕ್ಕರೆ ಕಾಯಿಲೆ. ಮಾವನವರು ತೀರಿಕೊಂಡಿದ್ದು ಸರ್ಕಾರಿ ಆಸ್ಪತ್ರೆಯ ವರಾಂಡದಲ್ಲಿ. "ನಮಗೆ ಹಂಗಾಗ್ಬಾರ್ದು" ಅಂತ ಗಂಡನೇ ಎರಡು ವರ್ಷದ ಹಿಂದೆ ನಾಲ್ಕೂ ಜನಕ್ಕೆ ಸೇರಿ ಆರೋಗ್ಯ ವಿಮೆಯ ಪಾಲಿಸಿ ಮಾಡಿಸಿದ್ದರು. ವರ್ಷಕ್ಕೆ ಹದಿನಾಲ್ಕು ಸಾವಿರದ ಹತ್ತಿರ. ಆ ದುಡ್ಡನ್ನು ಕೂಡಿಸಿ ಕಟ್ಟೋದು ಸರೋಜ ಅವರ ಜವಾಬ್ದಾರಿ. ಈ ಸಲ ಕೂಡಿಟ್ಟಿದ್ದೂ ಆಗಿತ್ತು. ಅಷ್ಟರಲ್ಲಿ ತವರಿನಿಂದ ತಮ್ಮ ಬಂದು ಅತ್ತ. ಗಂಡನಿಗೆ ಹೇಳದೆ ಕೊಟ್ಟುಬಿಟ್ಟರು.

ನಾನು ಹೇಳಿದೆ: "ಮತ್ತೆ ಫೋನ್ ಬಂದ್ರೆ ಇಲ್ಲೇ ಎತ್ತಿ, ಸ್ಪೀಕರ್‌ಗೆ ಹಾಕಿ. ಒಟಿಪಿ ಹೇಳ್ಬೇಡಿ, ಅವ್ರು ಕಳ್ಸೋ ಲಿಂಕ್‌ಗೆ ದುಡ್ಡು ಹಾಕ್ಬೇಡಿ. ಸುಮ್ನೆ ಕೇಳಿಸ್ಕೊಳ್ಳಿ." ಹತ್ತೇ ನಿಮಿಷಕ್ಕೆ ಬಂತು. ಆ ಕಡೆ ಒಬ್ಬ ಹುಡುಗಿ. "ಮೇಡಂ, ನಿಮ್ ಪಾಲಿಸಿಗೆ ಇನ್ನೂ ಎಂಟು ದಿನ ಟೈಮ್ ಇದೆ" ಅಂದಳು. ಸರೋಜ ನನ್ನ ಮುಖ ನೋಡಿದರು. ಪಾಲಿಸಿ ತಾರೀಕು ದಾಟಿದ ದಿನವೇ ಎಲ್ಲ ಮುಗಿದು ಹೋಯಿತು ಅಂತ ಇಪ್ಪತ್ತೆರಡು ದಿನದಿಂದ ಒಳಗೇ ಅತ್ತುಕೊಂಡಿದ್ದರು ಅವರು.

ಎಲ್ಲರೂ ತಿಳಿದಿರಬೇಕಾದದ್ದು ಇಷ್ಟು. ಪ್ರೀಮಿಯಂ ಸಾಲವಲ್ಲ. ಕಟ್ಟದಿದ್ದರೆ ರಕ್ಷಣೆ ಹೋಗುತ್ತದೆ, ಆದರೆ ಯಾರೂ ವಸೂಲಿಗೆ ಬರಲ್ಲ. ವರ್ಷಕ್ಕೊಮ್ಮೆ ಕಟ್ಟುವ ಪಾಲಿಸಿಗೆ ತಾರೀಕು ಮುಗಿದ ಮೇಲೂ 30 ದಿನ ಗ್ರೇಸ್ ಪೀರಿಯಡ್ ಇರುತ್ತದೆ. ತಿಂಗಳ ಕಂತಾದರೆ 15 ದಿನ. ವರ್ಷದ ಪಾಲಿಸಿ ಮುಗಿದು ಇನ್ನೂ ಕಟ್ಟದ ಆ ದಿನಗಳಲ್ಲಿ ಆಸ್ಪತ್ರೆ ಸೇರಿದರೆ ಕ್ಲೇಮ್ ಸಿಗಲ್ಲ, ಅದು ನಿಜ. ಆದರೆ 30 ದಿನದೊಳಗೆ ಕಟ್ಟಿದರೆ ಪಾಲಿಸಿಯಲ್ಲಿ ಇಲ್ಲಿವರೆಗೆ ಕಳೆದ ವರ್ಷಗಳ ಲೆಕ್ಕ ಹಾಗೇ ಉಳಿಯುತ್ತದೆ. ಸರೋಜ ಅವರ ಮನೆಗೆ ಇದೇ ಮುಖ್ಯ. ಮೊದಲೇ ಇರುವ ಕಾಯಿಲೆಗೆ ಕ್ಲೇಮ್ ಸಿಗೋಕೆ ಅವರ ಪಾಲಿಸಿಯಲ್ಲಿ ಮೂರು ವರ್ಷ ಕಾಯಬೇಕು, 2024ರ ನಿಯಮದ ಪ್ರಕಾರ ಅದಕ್ಕಿಂತ ಜಾಸ್ತಿ ಇಡುವ ಹಾಗಿಲ್ಲ. ಎರಡು ವರ್ಷ ಕಳೆದಿತ್ತು. ಬಿಟ್ಟು ಹೊಸದಾಗಿ ಮಾಡಿಸಿದರೆ ಸಕ್ಕರೆ ಕಾಯಿಲೆಗೆ ಮತ್ತೆ ಮೊದಲಿನಿಂದ ಎಣಿಕೆ.

ಪರ್ಸಿನಲ್ಲಿ ಮಡಚಿಟ್ಟಿದ್ದ ಕಳೆದ ವರ್ಷದ ರಸೀದಿ ತೆಗೆಸಿದೆ. ಅದರಲ್ಲಿ 18% ಜಿಎಸ್‌ಟಿ ಸೇರಿತ್ತು. ಮನೆಮಂದಿ ಸ್ವಂತವಾಗಿ ಮಾಡಿಸುವ ಆರೋಗ್ಯ ವಿಮೆಗೆ 2025ರ ಸೆಪ್ಟೆಂಬರ್ 22ರಿಂದ ಆ ತೆರಿಗೆ ಇಲ್ಲ. ಆಕೆ ಹೆದರಿದ್ದ ಮೊತ್ತಕ್ಕಿಂತ ಕಟ್ಟಬೇಕಾದ್ದು ಕಡಿಮೆಯೇ ಇತ್ತು.

ಸಂಘದಲ್ಲಿ ಇನ್ನೊಂದು ಸಾಲ ತೆಗೆದು ಕಟ್ಟಿಬಿಡ್ತೀನಿ ಅಂದರು. ಬೇಡ ಅಂದೆ, ಖಡಾಖಂಡಿತವಾಗಿ. ಬ್ರಾಂಚಿಗೇ ಹೋಗಿ ಎರಡು ಮಾತು ಕೇಳಿ ಅಂದೆ: ಮೂರು ತಿಂಗಳಿಗೊಮ್ಮೆ ಕಂತಿನಲ್ಲಿ ಕಟ್ಟಬಹುದಾ, ವಿಮೆಯ ಮೊತ್ತ ಇಳಿಸಿದರೆ ಪ್ರೀಮಿಯಂ ಎಷ್ಟಾಗುತ್ತೆ. ಕಂತು ಎಲ್ಲ ಪಾಲಿಸಿಗೂ ಇರಲ್ಲ. ಇದ್ದರೂ ಮಧ್ಯದಲ್ಲಿ ಕ್ಲೇಮ್ ಬಂದರೆ ಉಳಿದ ಕಂತುಗಳನ್ನು ಅದರಲ್ಲೇ ಹಿಡಿದುಕೊಳ್ಳಬಹುದು.

ಆಮೇಲೆ ಕೇಳಿದೆ, ರೇಷನ್ ಕಾರ್ಡ್ ಯಾವುದು ಅಂತ. ಬಿಪಿಎಲ್. ಆಯುಷ್ಮಾನ್ ಕಾರ್ಡ್ ಮಾಡಿಸೇ ಇರಲಿಲ್ಲ. "ಅದು ತೋರಿಸಿದ್ರೆ ಮರ್ಯಾದೆ ಕೊಡಲ್ಲ ಅಂತಾರೆ ಇವ್ರು." ನನಗೆ ಸಂಕಟವಾಯಿತು. ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಇದೆ. ಪ್ರೀಮಿಯಂ ಇಲ್ಲ, ಸಕ್ಕರೆ ಕಾಯಿಲೆ ಅಂತ ಕಾಯಿಸೋದೂ ಇಲ್ಲ. ಸರ್ಕಾರಿ ಆಸ್ಪತ್ರೆಯಲ್ಲಿ ಆಗದ್ದಕ್ಕೆ ಅಲ್ಲಿಂದ ಚೀಟಿ ಬರೆಸಿಕೊಂಡು ನೋಂದಾಯಿತ ಖಾಸಗಿ ಆಸ್ಪತ್ರೆಗೆ ಹೋಗಬಹುದು. ತುರ್ತಾದರೆ ಚೀಟಿಯೂ ಬೇಡ. ಕಾರ್ಡನ್ನು ಗ್ರಾಮ ಒನ್, ಕರ್ನಾಟಕ ಒನ್‌ನಲ್ಲಿ ಮಾಡಿಸಬಹುದು. ಇದು ಬೇಡುವುದಲ್ಲ, ನಿಮ್ಮ ಹಕ್ಕು ಅಂತ ಹೇಳಿದೆ. ಅದನ್ನು ನಾನು ಮನಸಾರೆ ನಂಬುತ್ತೇನೆ. ಹಾಗಂತ ಪಾಲಿಸಿ ಬಿಟ್ಟುಬಿಡಿ ಅಂತ ಹೇಳಲಿಲ್ಲ. ಅಪ್ಪನ ಸಾವು ನೋಡಿದ ಮಗ ಮಾಡಿಸಿದ ಪಾಲಿಸಿ ಅದು. ಇಟ್ಟುಕೊಳ್ಳುವುದೋ ಬಿಡುವುದೋ ಗಂಡ ಹೆಂಡತಿ ಕೂತು ಯೋಚಿಸಲಿ.

ಕೊನೆಯ ಸಲಹೆ, ಗಂಡನಿಗೆ ಹೇಳಿ ಅನ್ನೋದು. ನನ್ನ ಜೊತೆ ಕೆಲಸ ಮಾಡುವವರೊಬ್ಬರು ಇದನ್ನು ಒಪ್ಪಲಿಲ್ಲ. ತವರಿಗೆ ದುಡ್ಡು ಕೊಟ್ಟಿದ್ದು ಹೊರಗೆ ಬಂದರೆ ಜಗಳ ಇನ್ನೂ ಜಾಸ್ತಿ ಆಗಲ್ವಾ ಅಂದರು. ದುಡ್ಡಿನ ಲೆಕ್ಕ ನಮ್ಮ ಕೆಲಸ ಅಲ್ಲ ಅಂತಲೂ ಅಂದರು. ಗಂಡ ಕೈ ಎತ್ತುತ್ತಾರಾ ಅಂತ ನಾನು ಮೊದಲೇ ಬಿಡಿಸಿ ಕೇಳಿದ್ದೆ. ಒಂದು ದಿನವೂ ಇಲ್ಲ ಅಂದಿದ್ದರು. ಹೊಡೆಯುವ ಮನೆಯಾಗಿದ್ದರೆ ನನ್ನ ಸಲಹೆ ಬೇರೆಯೇ ಇರುತ್ತಿತ್ತು. ಇಲ್ಲಿ ಗಂಡನನ್ನು ತಿನ್ನುತ್ತಿದ್ದದ್ದು ಹದಿನಾಲ್ಕು ಸಾವಿರವಲ್ಲ, ಕಟ್ ಮಾಡಿದ ಫೋನು. ಹೆಂಡತಿಯನ್ನು ಕಳೆದುಕೊಳ್ಳುತ್ತಿದ್ದೇನೆ ಅಂತ ಹೆದರಿದವನಿಗೆ ದುಡ್ಡು ಹೋಯಿತು ಅನ್ನೋ ಸುದ್ದಿ ಸಮಾಧಾನವೇ ಆಗಬಹುದು ಅಂತ ನನಗೆ ಅನಿಸಿತ್ತು. ಲೆಕ್ಕ ಬಿಡಿಸದೆ ಆಕೆಯ ನಿದ್ದೆ ವಾಪಸ್ ತರುವುದು ಹೇಗೆ ಅಂತ ಇವತ್ತಿಗೂ ನನಗೆ ತಿಳಿಯುವುದಿಲ್ಲ.

ನಾಲ್ಕು ದಿನ ಬಿಟ್ಟು ಇಬ್ಬರೂ ಬಂದರು. ಆತ ಖಾಕಿ ಅಂಗಿಯಲ್ಲೇ ಇದ್ದರು, ಕೂರಲಿಲ್ಲ. "ತಮ್ಮಂಗೆ ಕೊಟ್ಟಿದ್ದಕ್ಕೆ ಕೋಪ ಇದೆ ಮೇಡಂ. ಆದ್ರೆ ನಾನು ಏನೇನೋ ಅಂದ್ಕೊಂಡಿದ್ದೆ" ಅಂತ ಹೇಳಿ ಹೆಂಡತಿ ಕಡೆ ನೋಡದೆ ನಿಂತರು. ಇಪ್ಪತ್ತೆಂಟನೇ ದಿನ ಮೊದಲ ಕಂತು ಕಟ್ಟಿದರು. ಆಯುಷ್ಮಾನ್ ಕಾರ್ಡ್‌ಗೂ ಕೊಟ್ಟಿದ್ದಾರೆ.

ಈ ವರ್ಷದ ನಾಲ್ವರಲ್ಲಿ ಒಬ್ಬರು ಬಂದಿದ್ದು ನಲವತ್ತೊಂದನೇ ದಿನ. ಅವರೂ ಅಷ್ಟು ದಿನ ಫೋನ್ ಎತ್ತಿರಲಿಲ್ಲ. ಅವರ ಹಳೆಯ ಪಾಲಿಸಿಗೆ ನಾನು ಏನೂ ಮಾಡಲಾಗಲಿಲ್ಲ. ರೇಷನ್ ಕಾರ್ಡ್ ತರಲು ಹೇಳಿದೆ. ಮರುದಿನ ಬೆಳಗ್ಗೆ ಕೇಂದ್ರದ ಬಾಗಿಲು ತೆಗೆಯುವ ಮುಂಚೆಯೇ ಬಂದು ಮೆಟ್ಟಿಲ ಮೇಲೆ ಕೂತಿದ್ದರು.