ಮಲಗಿದಾಗ ಮಾತ್ರ ಮೂತ್ರ ಸೋರುವ ನಾಯಿ

ಪ್ರಶ್ನೆ: ತೀರ್ಥಹಳ್ಳಿ ಸಮೀಪದ ತೋಟದ ಮನೆ ನಮ್ಮದು. ಐದು ವರ್ಷದ ಹೆಣ್ಣು ಲ್ಯಾಬ್ರಡಾರ್ ಇದೆ, ತೂಕ 28 ಕೆ.ಜಿ. ಎರಡು ವರ್ಷದ ಹಿಂದೆ ಸಂತಾನಹರಣ ಶಸ್ತ್ರಚಿಕಿತ್ಸೆ ಆಗಿದೆ. ಓಡಾಡುವಾಗ ಏನೂ ತೊಂದರೆಯಿಲ್ಲ, ಮಲಗಿ ಎದ್ದ ಜಾಗ ಮಾತ್ರ ಒದ್ದೆ. ಗದರಿದರೂ ಪ್ರಯೋಜನವಿಲ್ಲ. ಏನು ಮಾಡಬೇಕು?

ಉತ್ತರ: ದಯವಿಟ್ಟು ಗದರಬೇಡಿ. ನಿದ್ದೆಯಲ್ಲಿ ಸೋರುವುದು ಅದಕ್ಕೆ ಗೊತ್ತೇ ಆಗುವುದಿಲ್ಲ. ಯಾವ ಭಂಗಿಯಲ್ಲಿ ಸೋರುತ್ತದೆ ಎಂದು ನೀವು ಗಮನಿಸಿದ್ದೇ ದೊಡ್ಡ ಸುಳಿವು.

ಮೂತ್ರಕೋಶದ ಕುತ್ತಿಗೆ ಮತ್ತು ಮೂತ್ರಮಾರ್ಗದ ಸುತ್ತಲಿನ ಸ್ಪಿಂಕ್ಟರ್ ಸ್ನಾಯುಗಳು ಬಿಗಿಯಾಗಿರುವವರೆಗೆ ಮೂತ್ರ ನಿಲ್ಲುತ್ತದೆ. ನಾಯಿ ನಿಂತಾಗ ಕೋಶ ಹೊಟ್ಟೆಯೊಳಗೆ ಮುಂದಕ್ಕಿರುತ್ತದೆ. ಹೊಟ್ಟೆಯ ಒತ್ತಡ ಕೋಶದ ಮೇಲೂ ಮೂತ್ರಮಾರ್ಗದ ಬುಡದ ಮೇಲೂ ಒಟ್ಟಿಗೇ ಬೀಳುತ್ತದೆ, ದಾರಿ ಮುಚ್ಚಿಯೇ ಇರುತ್ತದೆ. ಮಲಗಿದಾಗ ಕೆಲವು ನಾಯಿಗಳಲ್ಲಿ ಕೋಶದ ಕುತ್ತಿಗೆ ಹಿಂದೆ ಸರಿದು ಸೊಂಟದ ಎಲುಬಿನ ಗೂಡಿನೊಳಗೆ ಸೇರುತ್ತದೆ. ಆಗ ಒತ್ತಡ ಕೋಶವನ್ನಷ್ಟೇ ಅದುಮುತ್ತದೆ, ಮೂತ್ರಮಾರ್ಗವನ್ನಲ್ಲ. ನಿದ್ದೆಯಲ್ಲಿ ಸ್ನಾಯುವೂ ಸಡಿಲ. ಅಂಡಾಶಯ ತೆಗೆದ ಮೇಲೆ ಈಸ್ಟ್ರೋಜನ್ ಎಂಬ ಹೆಣ್ಣು ಹಾರ್ಮೋನ್ ಇಳಿದು, ನರದ ಸಂಕೇತಕ್ಕೆ ಸ್ನಾಯು ಮೊದಲಿನಷ್ಟು ಸ್ಪಂದಿಸುವುದಿಲ್ಲ. 20 ಕೆ.ಜಿ. ದಾಟಿದ ತಳಿಗಳಲ್ಲಿ ಇದು ಹೆಚ್ಚು. ಬೊಜ್ಜಿದ್ದರೆ ಇನ್ನೂ ಹೆಚ್ಚು.

ಆದರೆ ಇದೇ ಎಂದು ತೀರ್ಮಾನಿಸುವ ಮುಂಚೆ ಒಂದು ದಿನ ನೀರು ಅಳೆಯಿರಿ. ಲೀಟರಿನಲ್ಲಿ ಅಳೆದು ಬಟ್ಟಲಿಗೆ ಹಾಕಿ, 24 ಗಂಟೆ ಬಿಟ್ಟು ಉಳಿದದ್ದನ್ನು ಕಳೆಯಿರಿ. ಅಂದು ನಾಯಿಯನ್ನು ಅಂಗಳದ ಹೊಂಡಕ್ಕೆ ಬಿಡಬೇಡಿ, ಲೆಕ್ಕ ತಪ್ಪುತ್ತದೆ. ಕೆ.ಜಿ.ಗೆ 100 ಮಿ.ಲೀ., ಅಂದರೆ ನಿಮ್ಮ ನಾಯಿಗೆ 2.8 ಲೀಟರ್ ದಾಟಿದರೆ ಸಕ್ಕರೆ ಕಾಯಿಲೆ, ಮೂತ್ರಪಿಂಡದ ತೊಂದರೆ ಹುಡುಕಬೇಕು. ಮಲೆನಾಡಿನ ಮಳೆಗಾಲದಲ್ಲಿ ಇಲಿ ಜ್ವರವನ್ನು ಮರೆಯುವಂತಿಲ್ಲ. ಅದು ಮೂತ್ರಪಿಂಡಕ್ಕೆ ಪೆಟ್ಟು ಕೊಡುತ್ತದೆ, ನಾಯಿಯ ಮೂತ್ರದಿಂದ ಮನುಷ್ಯರಿಗೂ ಹರಡುತ್ತದೆ. ಹಾಗಾಗಿ ಒದ್ದೆ ಹಾಸಿಗೆಯನ್ನು ಕೈಗವಸು ಹಾಕಿಯೇ ಮುಟ್ಟಿ.

ನಡೆಯುವಾಗಲೂ ಹನಿ ಬೀಳುತ್ತಿದ್ದರೆ, ಮೇಲಿಂದ ಮೇಲೆ ಕೂತು ತಿಣುಕಿದರೆ ಅಥವಾ ಹಿಂಗಾಲು ಎಳೆದರೆ ಕಾರಣ ಬೇರೆ: ಸೋಂಕು, ಕಲ್ಲು, ಬೆನ್ನುಹುರಿ. ಬೆಳಗಿನ ಮೊದಲ ಮೂತ್ರವನ್ನು ಶುದ್ಧ ಸೌಟಿನಲ್ಲಿ ಹಿಡಿದು ಬೇಗ ಒಯ್ಯಿರಿ. ಹತ್ತಿರದ ಪಶು ಆಸ್ಪತ್ರೆಯಲ್ಲಿ ಸ್ಕ್ಯಾನಿಂಗ್ ಇಲ್ಲದಿದ್ದರೆ ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜಿನಲ್ಲಿ ವಿಚಾರಿಸಿ.

ಸ್ನಾಯುವಿನ ದೌರ್ಬಲ್ಯವೇ ಖಚಿತವಾದರೆ ಔಷಧಿಗೆ ಬಹುಪಾಲು ನಾಯಿಗಳು ಚೆನ್ನಾಗಿ ಸ್ಪಂದಿಸುತ್ತವೆ. ಈಸ್ಟ್ರೋಜನ್ ಜಾತಿಯದೇ ಆದ ಎಸ್ಟ್ರಿಯಾಲ್ ಮಾತ್ರೆಯನ್ನು ವೈದ್ಯರು ಹೇಳಿದಷ್ಟು ಕೊಟ್ಟು, ಆಮೇಲೆ ಸೋರದಷ್ಟು ಕನಿಷ್ಠ ಪ್ರಮಾಣಕ್ಕೆ ಇಳಿಸುತ್ತಾರೆ. ಇನ್ನೊಂದು ಔಷಧಿ ಫಿನೈಲ್‌ಪ್ರೊಪನಾಲಮೈನ್. ಅದು ರಕ್ತದೊತ್ತಡ ಏರಿಸಬಲ್ಲದು, ಹೃದಯದ ತೊಂದರೆಯಿರುವ ನಾಯಿಗೆ ಸಲ್ಲದು. ಅದರ ಬದಲಿಗೆಂದು ಮನುಷ್ಯರ ಶೀತದ ಮಾತ್ರೆ ಕೊಡಬೇಡಿ. ಅದರಲ್ಲಿ ಬೆರೆತಿರುವ ಬೇರೆ ಔಷಧಿಗಳಿಂದ ಅಪಾಯ.

ನೀರು ಮಾತ್ರ ಕಡಿಮೆ ಮಾಡಬೇಡಿ. ಮಲಗುವ ಮುಂಚೆ ಹೊರಗೆ ಕರೆದೊಯ್ದು ಪೂರ್ತಿ ಖಾಲಿ ಮಾಡಿಸಿ. ಗೋಣಿಚೀಲ ಮಳೆಗಾಲದಲ್ಲಿ ಒಣಗುವುದಿಲ್ಲ. ನೆಲದಿಂದ ಸ್ವಲ್ಪ ಎತ್ತರದ, ಹನಿ ಕೆಳಗಿಳಿಯುವ ಜಾಲರಿ ಮಂಚ ಒಳ್ಳೆಯದು. ತೊಡೆಯ ಒಳಭಾಗವನ್ನು ದಿನವೂ ಬೆಚ್ಚನೆ ನೀರಿನಲ್ಲಿ ತೊಳೆದು, ಒತ್ತಿ ಒರೆಸಿ ಒಣಗಿಸಿ. ಚರ್ಮ ಕೆಂಪಾಗಿ ವಾಸನೆ ಬಂದರೆ ಮುಂದಿನ ಭೇಟಿಯವರೆಗೆ ಕಾಯದೆ ವೈದ್ಯರಿಗೆ ತೋರಿಸಿ.