ಹಸಿರಾಗಿ ಹೊಳೆದರೆ ಸಾಕೇ?

ನಮಸ್ಕಾರ.

ಹೊಳೆಯುವ ಬಣ್ಣ ಕಟ್ಟಿದ ಪ್ರತಿಕಾಯಗಳಿಂದ (ಆಂಟಿಬಾಡಿ) ಬ್ಯಾಕ್ಟೀರಿಯಾದ ಪ್ರೋಟೀನ್ ಪತ್ತೆ ಮಾಡುವ ಬಗ್ಗೆ ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ಕೈಬಿಡಲೂ ಮನಸ್ಸಿಲ್ಲ, ಅದಕ್ಕೇ ಇಷ್ಟುದ್ದದ ಪತ್ರ.

ಮೊದಲ ಒಂದೂವರೆ ಪುಟ ತೆಗೆದುಬಿಡಿ. ಪ್ರೋಟೀನ್ ಎಂದರೇನು, ಪ್ರತಿಕಾಯ ಎಂದರೇನು ಎಂಬ ಪಾಠ ಅದು. ಕೋವಿಡ್ ದಾಟಿ ಬಂದ ಓದುಗರಿಗೆ ಒಂದು ಸಾಲು ಸಾಕು. ಪ್ರತಿಕಾಯವನ್ನು ಪೊಲೀಸ್ ನಾಯಿಗೆ ಹೋಲಿಸಿದ್ದೂ ಬೇಡ. ಅದು ಏನನ್ನೂ ಹುಡುಕಿಕೊಂಡು ಹೋಗುವುದಿಲ್ಲ. ದ್ರವದಲ್ಲಿ ಸುಮ್ನೆ ಅಲೆಯುತ್ತದೆ, ಡಿಕ್ಕಿ ಹೊಡೆಯುತ್ತದೆ, ಆಕಾರ ಹೊಂದಿದ ಕಡೆ ಅಂಟಿಕೊಳ್ಳುತ್ತದೆ. ಇರುವುದನ್ನೇ ಬರೆದರೆ ಇನ್ನೂ ಚೆಂದ ಅಲ್ವಾ?

ಈ ವಿಧಾನವನ್ನು ಶುರುಮಾಡಿದ ಆಲ್ಬರ್ಟ್ ಕೂನ್ಸ್ ಅವರನ್ನು ಒಂದೇ ಸಾಲಿನಲ್ಲಿ ಮುಗಿಸಿದ್ದು ಅನ್ಯಾಯ. 1941ರಲ್ಲಿ ಹಾರ್ವರ್ಡ್‌ನಲ್ಲಿ ಅವರ ತಂಡ ನ್ಯುಮೋನಿಯಾ ತರುವ ನ್ಯುಮೋಕಾಕಸ್ ಬ್ಯಾಕ್ಟೀರಿಯಾ ವಿರುದ್ಧದ ಪ್ರತಿಕಾಯಕ್ಕೆ ಹೊಳೆಯುವ ಬಣ್ಣ ಕಟ್ಟಿತು. ಆ ಹೊಳಪು ನೀಲಿ. ಆದರೆ ನೇರಳಾತೀತ ಬೆಳಕಿನಲ್ಲಿ ಪ್ರಾಣಿಯ ಅಂಗಾಂಶವೂ ತಾನಾಗಿಯೇ ನೀಲಿ ಹೊಳೆಯುತ್ತದೆ. ರೋಗಾಣು ಯಾವುದು, ಅಂಗಾಂಶ ಯಾವುದು? ಆಮೇಲೆ ಹಸಿರು ಸೂಸುವ ಫ್ಲೋರೆಸೀನ್‌ಗೆ ಬದಲಾಯಿಸಿಕೊಂಡರು. ನೀವು ಬಳಸಿದ ಎಫ್‌ಐಟಿಸಿ ಅದರದೇ ಇನ್ನೊಂದು ರೂಪ. ಕತೆ ಕೈಯಲ್ಲೇ ಇದೆ, ಬರೆಯಿರಿ.

ಈಗ ನನ್ನ ದೊಡ್ಡ ತಕರಾರು. ‘ಸ್ಟ್ಯಾಫಿಲೊಕಾಕಸ್ ಆರಿಯಸ್ ಮೇಲೆ ಮೊಲದ ಪ್ರತಿಕಾಯ ಹಾಕಿದೆವು, ಹಸಿರಾಗಿ ಹೊಳೆಯಿತು, ಆದ್ದರಿಂದ ನಮ್ಮ ಪ್ರೋಟೀನ್ ಅಲ್ಲಿದೆ’ ಎಂದಿದ್ದೀರಿ. ಅಷ್ಟು ಬೇಗ ನಂಬಿದರೆ ಹೇಗೆ? ಈ ಬ್ಯಾಕ್ಟೀರಿಯಾದ ಮೈಮೇಲೆ ‘ಪ್ರೋಟೀನ್ ಎ’ ಎಂಬುದಿದೆ. ಅದು ಗುರಿಗೆ ಅಂಟುವ ತುದಿಯನ್ನು ಬಿಟ್ಟು ಪ್ರತಿಕಾಯದ ಬಾಲವನ್ನೇ ಹಿಡಿದುಕೊಳ್ಳುತ್ತದೆ. ತುದಿಗೆ ಏನು ಹೊಂದುತ್ತದೆ ಎಂಬುದು ಅದಕ್ಕೆ ಬೇಕಾಗಿಲ್ಲ. ಅಂದರೆ ಸಂಬಂಧವೇ ಇಲ್ಲದ ಮೊಲದ ಪ್ರತಿಕಾಯ ಹಾಕಿದರೂ ಸ್ಲೈಡ್ ಹಸಿರಾಗಬಹುದು. ಹಾಗೆ ಹಾಕಿ ನೋಡಿದಿರಾ? ಪ್ರೋಟೀನ್ ಎ ಇಲ್ಲದ ತಳಿ ಬಳಸಿದಿರಾ? ಬಾಲ ಕತ್ತರಿಸಿದ ಪ್ರತಿಕಾಯದ ತುಂಡುಗಳನ್ನು? ಹೋಲಿಸಿ ನೋಡಲೆಂದು ಮಾಡುವ ಇಂಥ ಪರೀಕ್ಷೆಯೇ ಕಂಟ್ರೋಲ್. ಲೇಖನದಲ್ಲಿ ಆ ಮಾತೇ ಇಲ್ಲ.

ಇನ್ನೊಂದು. ಪ್ರೋಟೀನ್ ಜೀವಕೋಶದ ಒಳಗಿದೆ ಅನ್ನುತ್ತೀರಿ. ಪ್ರತಿಕಾಯ ಒಳಗೆ ಹೋದದ್ದು ಹೇಗೆ? ಆ ದಪ್ಪ ಗೋಡೆಯನ್ನು ಲೈಸೊಸ್ಟಾಫಿನ್‌ನಂಥ ಕಿಣ್ವ ಹಾಕಿ ಸಡಿಲಿಸಿದ್ದರೆ ಹೇಳಿ. ಸಡಿಲಿಸದಿದ್ದರೆ, ನೀವು ನೋಡಿದ ಹಸಿರಿನ ಮೇಲೆ ನನ್ನ ಅನುಮಾನ ಇನ್ನೂ ಜಾಸ್ತಿ.

ನಾಲ್ಕನೇ ಪುಟದಲ್ಲಿ ಒಂದು ಸಾಲಿದೆ: ‘ಫೋಕಸ್ ಸರಿಮಾಡುವಷ್ಟರಲ್ಲಿ ಹಸಿರು ಕಣ್ಣೆದುರೇ ಮಾಸತೊಡಗಿತು, ಕ್ಯಾಮೆರಾಕ್ಕೆ ಸಿಕ್ಕಿದ್ದು ಅರ್ಧ.’ ನೋಡಲೆಂದು ಹಾಯಿಸಿದ ಬೆಳಕೇ ಬಣ್ಣವನ್ನು ಕೆಡಿಸುತ್ತದೆ. ಲ್ಯಾಬ್‌ನಲ್ಲಿ ಕೂತವರು ಮಾತ್ರ ಬರೆಯಬಲ್ಲ ಸಾಲು ಅದು. ಲೇಖನ ಅಲ್ಲಿಂದ ಶುರುವಾಗಲಿ.

ತಿದ್ದಿ ಕಳಿಸುವಾಗ ಎರಡು ಫೋಟೊ ಇರಲಿ: ನಿಮ್ಮ ಪ್ರತಿಕಾಯದ್ದೊಂದು, ಕಂಟ್ರೋಲ್‌ದೊಂದು. ಎರಡಕ್ಕೂ ಒಂದೇ ಎಕ್ಸ್‌ಪೋಶರ್. ಕಂಟ್ರೋಲ್ ಕೂಡ ಹಸಿರಾಗಿಯೇ ಬಂದರೆ ಅದನ್ನೇ ಬರೆದು ಕಳಿಸಿ, ಖಂಡಿತ ಹಾಕುತ್ತೇನೆ.

ಇಂತಿ,
ಸಂಪಾದಕ