ಓದಲು ತಡವರಿಸುವ ಮಗುವಿಗೆ ವಿಷಯ ಗೊತ್ತಿಲ್ಲವೆಂದಲ್ಲ

ಪ್ರಶ್ನೆ: ಸರ್ಕಾರಿ ಶಾಲೆಯಲ್ಲಿ 4ನೇ ತರಗತಿಗೆ ಕಲಿಸುತ್ತೇನೆ. 26 ಮಕ್ಕಳಲ್ಲಿ ಐದಾರು ಮಂದಿ ಒತ್ತಕ್ಷರ ಬಂದ ಕೂಡಲೇ ಓದು ನಿಲ್ಲಿಸಿಬಿಡುತ್ತಾರೆ. ಒಬ್ಬ ಹುಡುಗ ಪರಿಸರ ಅಧ್ಯಯನದ ಪ್ರಶ್ನೆಗಳಿಗೆ ಬಾಯಲ್ಲಿ ಸೊಗಸಾಗಿ ಉತ್ತರಿಸುತ್ತಾನೆ, ಬರೆಯಲು ಹೇಳಿದರೆ ಹಾಳೆ ಖಾಲಿ. ಒಬ್ಬೊಬ್ಬರಿಗೆ ಒಂದೊಂದು ರೀತಿ ಕಲಿಸಹೊರಟರೆ ಪಾಠಗಳು ಮುಗಿಯುವುದಿಲ್ಲ. ಏನು ಮಾಡಲಿ?
– ಒಬ್ಬ ಶಿಕ್ಷಕಿ, ಕೊಪ್ಪಳ ಜಿಲ್ಲೆ

ಉತ್ತರ: 26 ಮಕ್ಕಳಿಗೆ 26 ಪಾಠಗಳನ್ನು ಸಿದ್ಧಪಡಿಸಬೇಕಿಲ್ಲ, ಪಾಠದ ಗುರಿ ಎಲ್ಲರಿಗೂ ಒಂದೇ ಇರಲಿ, ಅಲ್ಲಿಗೆ ತಲಪುವ ದಾರಿ ಮಾತ್ರ ಬೇರೆಯಾಗಲಿ. ನೀರಿನ ಪಾಠದಲ್ಲಿ ನೀವು ಅಳೆಯಬೇಕಾದದ್ದು ನೀರಿನ ಬಗೆಗಿನ ತಿಳಿವಳಿಕೆಯನ್ನೇ ಹೊರತು ಅಕ್ಷರವನ್ನಲ್ಲ. ಆ ಹುಡುಗ ಊರ ಕೆರೆಯ ಚಿತ್ರ ಬರೆದು ವಿವರಿಸಲಿ, ಪಕ್ಕದ ಗೆಳತಿ ಅವನ ಮಾತನ್ನು ಬರೆದುಕೊಳ್ಳಲಿ, ಬಳಿಕ ಅದನ್ನು ಅವನೇ ಓದಲಿ. ತಾನೇ ಆಡಿದ ಮಾತಾದ್ದರಿಂದ ಓದು ಅಷ್ಟು ಹೆದರಿಸುವುದಿಲ್ಲ.

ಒತ್ತಕ್ಷರಕ್ಕೆ ದಿನಕ್ಕೆ ಹತ್ತು ನಿಮಿಷ ಪ್ರತ್ಯೇಕವಾಗಿ ಮೀಸಲಿಡಿ. ಸಣ್ಣ ತರಗತಿಯ ಮಕ್ಕಳು ಚಟುವಟಿಕೆಗಳ ಮೂಲಕ ಕಲಿಯುವ ನಿಮ್ಮ ಶಾಲೆಯ ನಲಿಕಲಿ ಕೊಠಡಿಯಲ್ಲೇ ಇದಕ್ಕೊಂದು ಮಾದರಿ ಇದೆ. 1995ರಲ್ಲಿ ಎಚ್‌.ಡಿ. ಕೋಟೆ ತಾಲ್ಲೂಕಿನಲ್ಲಿ ಆರಂಭವಾದ ಈ ಪದ್ಧತಿ ವರ್ಣಮಾಲೆಯ ಕ್ರಮವನ್ನು ಬದಿಗಿಟ್ಟು ರ, ಗ, ಸ, ದ, ಅ ಎಂಬ ಐದು ಅಕ್ಷರಗಳಿಂದ ಶುರುವಾಗುತ್ತದೆ. ಅಷ್ಟರಲ್ಲೇ ಮಗು ‘ಅರಸ’, ‘ಗರಗಸ’ ಎಂಬ ಪದಗಳನ್ನು ಓದಿಬಿಡುತ್ತದೆ. ಒತ್ತಿನಲ್ಲೂ ಹೀಗೆಯೇ ಸುಲಭದಿಂದ ಹೊರಡಿ: ‘ಹಗ್ಗ’, ‘ಅಜ್ಜ’, ‘ಡಬ್ಬ’ಗಳಲ್ಲಿ ಒತ್ತು ಮೂಲಾಕ್ಷರವನ್ನೇ ಹೋಲುತ್ತದೆ. ಆಕಾರವೇ ಬದಲಾಗುವ ‘ಅತ್ತೆ’, ‘ಅಮ್ಮ’, ‘ಬೆಲ್ಲ’ ಆಮೇಲೆ ಬರಲಿ, ‘ಪುಸ್ತಕ’, ‘ಸೂರ್ಯ’ ಕೊನೆಗೆ. ನಾವು ಸಾಮಾನ್ಯವಾಗಿ ಇವೆಲ್ಲವನ್ನೂ ಒಟ್ಟಿಗೆ ಸುರಿದು, ಮಗುವಿಗೆ ಬರುವುದಿಲ್ಲವೆಂದು ತೀರ್ಮಾನಿಸಿಬಿಡುತ್ತೇವೆ. ಇದು ನನಗೆ ಬಹಳ ನೋವು ತರುವ ಸಂಗತಿ.

ಆ ಹತ್ತು ನಿಮಿಷ ಉಳಿದವರು ಜೋಡಿಯಾಗಿ ಓದಿಕೊಳ್ಳಲಿ. ಆದರೆ ಗುಂಪುಗಳನ್ನು ವಾರವಾರವೂ ಬದಲಿಸಿ. ಗಣಿತದಲ್ಲಿ ಮುಂದಿರುವವನು ಓದಿನಲ್ಲಿ ಹಿಂದಿರಬಹುದು, ಕಾಯಂ ‘ಹಿಂದಿನ ಸಾಲು’ ಎಂಬುದು ತರಗತಿಯಲ್ಲಿ ಇರಲೇಬಾರದು.

ಇಷ್ಟಾದರೂ ಆ ಹುಡುಗನ ಬರವಣಿಗೆ ಮುಂದುವರಿಯದಿದ್ದರೆ, ಮೊದಲು ಕಣ್ಣು, ಕಿವಿ ಪರೀಕ್ಷೆ ಮಾಡಿಸಿ, ಬಳಿಕ ನಿಮ್ಮ ಬಿ.ಆರ್‌.ಸಿ.ಯ (ಬ್ಲಾಕ್ ಸಂಪನ್ಮೂಲ ಕೇಂದ್ರ) ಬಿ.ಐ.ಇ.ಆರ್‌.ಟಿ. ಶಿಕ್ಷಕರಿಗೆ, ಅಂದರೆ ವಿಶೇಷ ಅಗತ್ಯವುಳ್ಳ ಮಕ್ಕಳ ಕಲಿಕೆಗೆ ನೆರವಾಗುವ ಸಂಪನ್ಮೂಲ ಶಿಕ್ಷಕರಿಗೆ, ತಿಳಿಸಿ. ನಿರ್ದಿಷ್ಟ ಕಲಿಕಾ ನ್ಯೂನತೆಯನ್ನು, ಅಂದರೆ ಓದು, ಬರಹ ಅಥವಾ ಲೆಕ್ಕದಲ್ಲಿ ಮಾತ್ರ ಕಾಡುವ ತೊಡಕನ್ನು, 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಗುರುತಿಸಿದೆ. ಆ ಶಿಕ್ಷಕರ ಬಳಿ ಹೋಗುವಾಗ ಹುಡುಗ ಹೇಳಿ ಬರೆಸಿದ ಉತ್ತರ ಮತ್ತು ಅವನೇ ಬರೆದ ಹಾಳೆ, ಎರಡನ್ನೂ ಜೊತೆಗೆ ಒಯ್ಯಿರಿ.